ಆಷಾಢ ಕಳೆಯಲಿ

ಜೂನ್ 9, ಸೋಮವಾರ

ಟ್ಯಾಂಕರ್ ಬಂದಿಲ್ಲವೆಂದು ಮೊದಲ ಫೋನು. ಆಮೇಲೆ ಬೀದಿದೀಪ. ಕಾಫಿ ಆರುವ ಹೊತ್ತಿಗೆ ನರಸಿಂಹಪ್ಪನವರು ಬಂದರು — ನಮ್ಮ ಬಡಾವಣೆಯ ನಿವೃತ್ತ ಹೆಡ್‌ಮಾಸ್ಟರು. ಕೈಯಲ್ಲಿ ಅರ್ಜಿ, ಕೆಳಗೆ ಅಕ್ಕಪಕ್ಕದವರೆಲ್ಲರ ಸಹಿ. ಬಸ್ ಶೆಲ್ಟರ್‌ನಲ್ಲಿ ಬೀಡುಬಿಟ್ಟಿರುವ ಮುದುಕಿಯನ್ನು ನಗರಸಭೆ ಕೂಡಲೇ ತೆರವುಗೊಳಿಸಬೇಕು. ಒಲೆಯ ಹೊಗೆ, ಒಣಗಲು ಹಾಕಿದ ಸೀರೆ, ಕಾಲೇಜು ಹುಡುಗಿಯರಿಗೆ ಕೂರಲು ಜಾಗವಿಲ್ಲ... ಯಾವುದೂ ಸುಳ್ಳಲ್ಲ.

ಮುದುಕಿ ಎಂದರೆ ಆಂಜಿನಮ್ಮ. ರೇಷ್ಮೆ ರೀಲಿಂಗ್ ಘಟಕದಲ್ಲಿ ದುಡಿಯುತ್ತಿದ್ದಳು, ಅದರ ಹಿಂದಿನ ರೂಮಿನಲ್ಲೇ ವಾಸ. ಘಟಕ ಮುಚ್ಚಿ ರೂಮು ಕೆಡವಿದರು. ಅಂದಿನಿಂದ ಶೆಲ್ಟರೇ ಮನೆ.

“ತೆರವು ಮಾಡಿ ಎಲ್ಲಿಗೆ ಕಳಿಸೋಣ ಸರ್?” ಎಂದೆ.

“ಅದು ನಿಮ್ಮ ಡಿಪಾರ್ಟ್‌ಮೆಂಟು ತನುಜಮ್ಮ. ವೋಟು ಹಾಕಿ ಗೆಲ್ಸಿದ್ದು ಯಾಕೆ ಮತ್ತೆ?”

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಕೌನ್ಸಿಲರ್ ಆದ ಮೇಲೆ ಉತ್ತರ ಗೊತ್ತಿಲ್ಲದಾಗ ನಗುವುದು ಕಲಿತುಬಿಟ್ಟಿದ್ದೇನೆ.

ಜೂನ್ 24, ಮಂಗಳವಾರ

ಸಭೆ. ನಗರಸಭೆಯ ಗುಂಪು ಮನೆಗಳಲ್ಲಿ ಒಂದು ಖಾಲಿ ಇದೆ, ಪಡೆದವರು ವಾಪಸು ಕೊಟ್ಟಿದ್ದಾರೆ. ನೆಲಮಹಡಿ. ಆಂಜಿನಮ್ಮನ ಹೆಸರಿಗೆ ಕೇಳಿದೆ, ಪೌರಾಯುಕ್ತರು ಒಪ್ಪಿದರು. ಷರತ್ತು ಒಂದೇ — ಜುಲೈ ಹತ್ತರೊಳಗೆ ಹೋಗಿ ಇರಬೇಕು. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ.

ಮುರಳಿಮೋಹನ್‌ಗೆ ಹೇಳಿದೆ. ಊಟಕ್ಕೆ ಕೂತಾಗ ಮತ್ತೊಮ್ಮೆ ಹೇಳಿದೆ. “ಮೇಡಂ ಅವರೇ, ಆಗ್ಲೇ ಹೇಳಿದ್ರಿ” ಎಂದ ನನ್ನ ಗಂಡ.

ಜೂನ್ 28, ಶನಿವಾರ

ಕೀಲಿ ನಿನ್ನೆ ಸಿಕ್ಕಿತು. ಇವತ್ತು ಆಟೋ ಕರೆದುಕೊಂಡು ಶೆಲ್ಟರ್‌ಗೆ ಹೋದೆ, ವಸತಿ ವಿಭಾಗದ ಜಗನ್ ಜೊತೆಗಿದ್ದ. ಆಂಜಿನಮ್ಮ ಏಳಲಿಲ್ಲ. “ಬ್ಯಾಡಮ್ಮ ಈಗ” — ಅಷ್ಟೇ. ಕೀಲಿಯನ್ನು ಮುಟ್ಟಲೂ ಇಲ್ಲ. ಆಟೋ ಖಾಲಿ ವಾಪಸು.

ಜಗನ್‌ಗೆ ಇದು ಹೊಸದಲ್ಲವಂತೆ. ಬೀದಿಗೆ ಒಗ್ಗಿದವರು ಬರುವುದಿಲ್ಲ, ನಿರಾಕರಿಸಿದರು ಎಂದು ಬರೆದು ಸಹಿ ಮಾಡಿಬಿಡಿ ಎಂದ. ಸೋಮವಾರ ನೋಡೋಣ ಎಂದೆ. ಬೇಜಾರಾಗಿದೆ. ಅವಳ ಮೇಲೋ, ನನ್ನ ಹೆಮ್ಮೆ ಹೀಗೆ ಮುಗಿದದ್ದಕ್ಕೋ — ಗೊತ್ತಿಲ್ಲ.

ಜುಲೈ 4, ಶುಕ್ರವಾರ

ಸಹಿ ಇನ್ನೂ ಮಾಡಿಲ್ಲ. ಬೆಳಿಗ್ಗೆ ಅತ್ತೆ ಕಾಳು ಬಿಡಿಸುತ್ತಾ ಕೂತಿದ್ದರು. ಸಮಾಧಾನಕ್ಕೆಂದು ಅವರ ಮುಂದೆ ಎಲ್ಲ ಹೇಳಿಕೊಂಡೆ. ಅತ್ತೆ ತಲೆ ಎತ್ತಲೂ ಇಲ್ಲ.

“ಆಷಾಢದಲ್ಲಿ ಯಾರಮ್ಮ ಹೊಸಮನೆಗೆ ಹೋಗ್ತಾರೆ?”

ಈ ಮನೆ ಕಟ್ಟಿದಾಗ ಆಷಾಢ ಕಳೆಯಲಿ ಎಂದು ಒಂದು ತಿಂಗಳು ಬಾಡಿಗೆಮನೆಯಲ್ಲೇ ಉಳಿದವರು ನಾವು. ಹಟ ಹಿಡಿದದ್ದು ಅತ್ತೆಯಲ್ಲ, ನಾನು. ಕಾನ್ವೆಂಟಿನಲ್ಲಿ ಓದಿದವಳಿಗೆ ಪಂಚಾಂಗ ತಿಳಿಯದು ಎನ್ನುವ ಹಾಗಿಲ್ಲ. ಆಂಜಿನಮ್ಮನಿಗೂ ಆಷಾಢ ಇರುತ್ತದೆ ಎನ್ನುವುದು ಮಾತ್ರ ಹೊಳೆಯಲಿಲ್ಲ.

ನೇರ ಶೆಲ್ಟರ್‌ಗೆ ಹೋದೆ. ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ.

“ದೊಡ್ಡೋರು, ನಿಮ್ಮನೇಲಿ ಕ್ಯಾಲೆಂಡರ್ ಇರ್ತೈತೆ ಅನ್ಕಂಡೆ” ಎಂದಳು. ಒಲೆಗೆ ಕಡ್ಡಿ ತುರುಕುತ್ತಾ — “ಹುಟ್ಟಿದಾಗಿಂದ ಒಂದು ಮನೆ ನಂದು ಅಂತ ಬಂದೈತೆ. ಕೆಟ್ಟ ತಿಂಗಳಾಗೆ ಕಾಲಿಕ್ಕಿ ಅದನ್ನೂ ಕಳ್ಕಳ್ಳಾ?”

ಹತ್ತನೇ ತಾರೀಕು ದಾಟಿದರೂ ಕಳೆದುಕೊಳ್ಳುತ್ತಾಳೆ. ಅದನ್ನು ಹೇಳಿದೆ. ಸೆರಗು ಎಳೆದು ಹೊದ್ದುಕೊಂಡಳು. ಶ್ರಾವಣ ಬರುವುದು ಇಪ್ಪತ್ತೈದಕ್ಕೆ.

ಜುಲೈ 7, ಸೋಮವಾರ

ಪೌರಾಯುಕ್ತರನ್ನು ಗಡುವು ಮುಂದೂಡಲು ಕೇಳಿದೆ. ಆಷಾಢ ಎಂದು ಫೈಲಿನಲ್ಲಿ ಬರೆಯಲು ಬರುವುದಿಲ್ಲವಂತೆ. ಅದೂ ಅಲ್ಲದೆ ಸಾರ್ವಜನಿಕರ ದೂರಿದೆ, ಅವರಿಗೆ ಏನು ಹೇಳೋಣ ಎಂದರು. ಆ ಮನೆಯ ನಲ್ಲಿ ರಿಪೇರಿ ಇದೆ ಎಂದು ಬರೆದುಬಿಡಿ ಮೇಡಂ ಎಂದ ಜಗನ್. ಸುಳ್ಳು ಬರೆಯಲೇ? ದಾರಿಯುದ್ದಕ್ಕೂ ಅದೇ ಯೋಚನೆ.

ಸಂಜೆ ನರಸಿಂಹಪ್ಪನವರ ಫೋನು, ಇನ್ನೂ ಎಷ್ಟು ದಿನ ಎಂದು. ಬಹಳ ಬಿಗಿಯಾಗಿದ್ದರು. ಕಾರಣ ಹೇಳಿದೆ.

“ಆಷಾಢಾನಾ,” ಎಂದರು. “ಅದನ್ನ ನೀವು ಮೊದ್ಲೇ ಹೇಳ್ಬೇಕಲ್ವೇನಮ್ಮ?”

ಜುಲೈ 9, ಬುಧವಾರ

ನಂಬಲಾಗುತ್ತಿಲ್ಲ. ನರಸಿಂಹಪ್ಪನವರು ಇನ್ನೊಂದು ಅರ್ಜಿ ಕೊಟ್ಟಿದ್ದಾರೆ! ಸದರಿ ಮಹಿಳೆ ಶ್ರಾವಣ ಮಾಸದವರೆಗೆ ಬಸ್ ಶೆಲ್ಟರ್‌ನಲ್ಲಿ ಮುಂದುವರಿಯಲು ನಿವಾಸಿಗಳ ಆಕ್ಷೇಪಣೆ ಇರುವುದಿಲ್ಲ. ಮನೆಯನ್ನು ಅಲ್ಲಿಯವರೆಗೆ ಕಾಯ್ದಿರಿಸಬೇಕು. ಅವೇ ಸಹಿಗಳು. ಮನೆಮನೆಗೆ ಹೋಗಿ ತಾವೇ ಹಾಕಿಸಿದರಂತೆ. ಓಡಿಸಿ ಎಂದವರು ಯಾರೂ ಆಷಾಢದಲ್ಲಿ ಹೊಸ್ತಿಲು ದಾಟಿಸುವ ಪಾಪಕ್ಕೆ ಸಿದ್ಧರಿಲ್ಲ.

ಪೌರಾಯುಕ್ತರು ಎರಡು ಸಲ ಓದಿ, “ಸಾರ್ವಜನಿಕರ ಕೋರಿಕೆ ಮೇರೆಗೆ” ಎಂದು ಬರೆದು ಸಹಿ ಹಾಕಿದರು. ಅವರ ಮಗಳ ಮನೆಯ ಗೃಹಪ್ರವೇಶವೂ ಶ್ರಾವಣಕ್ಕೇ ಅಂತೆ. ಮೆಲ್ಲಗೆ ಹೇಳಿದರು.

ಜುಲೈ 25, ಶುಕ್ರವಾರ

ಹೊಸ ಒಲೆ ಅತ್ತೆಯದು. ಹಾಲು ನರಸಿಂಹಪ್ಪನವರ ಮನೆಯದು. ಆಂಜಿನಮ್ಮ ಉರಿ ತಗ್ಗಿಸಲು ಯಾರಿಗೂ ಬಿಡಲಿಲ್ಲ. ಹಾಲು ಉಕ್ಕಿ ಚೆಲ್ಲಿ ಒಲೆ ಆರಿತು. ಎಲ್ಲರೂ ನೆಲದ ಮೇಲೆ ಕೂತು ಅವಳು ಕೊಟ್ಟ ಹಾಲು ಕುಡಿದೆವು. ಹೆಡ್‌ಮಾಸ್ಟರಿಗೆ ಇನ್ನೊಂದು ಲೋಟ ಬಲವಂತ.

ಹರಟೆ ಮುಗಿಯುವಂತಿರಲಿಲ್ಲ. ಅವಳೇ ಎದ್ದಳು.

“ಇನ್ನ ನೀವೆಲ್ಲ ಹೊರಡ್ರಪ್ಪ. ಬಾಗ್ಲು ಹಾಕ್ಕಬೇಕು.”

ಹೊರಗೆ ಚಪ್ಪಲಿ ಹುಡುಕುತ್ತಿದ್ದೆವು. ಒಳಗೆ ಚಿಲಕ ಹಾಕಿದ ಸದ್ದು. ತೆಗೆದ ಸದ್ದು. ಮತ್ತೆ ಹಾಕಿದ್ದು... ನರಸಿಂಹಪ್ಪನವರು ಒಂದು ಚಪ್ಪಲಿ ಮೆಟ್ಟಿ ಹಾಗೇ ನಿಂತುಬಿಟ್ಟರು. ನಾನೂ. ಶೆಲ್ಟರ್‌ಗೆ ಬಾಗಿಲೇ ಇರಲಿಲ್ಲವಲ್ಲ.