ಅಕ್ಕನ ಮೀನಿಗೆ ಮೆತ್ತನೆಯ ಫಿಲ್ಟರ್

ಮಾರ್ಚ್ ೧೧, ಮಂಗಳವಾರ

ಆಸ್ಪತ್ರೆಗೆ ಸೇರುವಾಗ ಅಕ್ಕ ನನ್ನ ವಶಕ್ಕೆ ಕೊಟ್ಟುಹೋದ ಮೀನು ಬೆಳಿಗ್ಗೆ ಫಿಲ್ಟರಿನ ಬಾಯಿಗೆ ಅಂಟಿಕೊಂಡಿತ್ತು. ಸ್ವಿಚ್ ಆರಿಸಿದೆ, ಬಿಡಿಸಿಕೊಂಡಿತು. ಆದರೆ ಆ ಉದ್ದನೆಯ ಬಾಲ ಹರಿದಿದೆ. ಹಳೆಯದು ಕೆಟ್ಟಿತೆಂದು ಮೊನ್ನೆ ತಂದ ಹೊಸ ಫಿಲ್ಟರ್ ಅದು.

ಅಕ್ವೇರಿಯಂ ಅಂಗಡಿಯವರು ನಕ್ಕರು. "ಇಷ್ಟು ಚಿಕ್ಕ ತೊಟ್ಟಿಗೆ ಈ ಮೋಟರಾ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯ್ತು. ಸ್ಪಂಜ್ ಫಿಲ್ಟರ್ ತಗೊಳ್ಳಿ. ಗುಳ್ಳೆ ಬರುತ್ತೆ ಅಷ್ಟೆ, ಮೀನನ್ನ ಎಳೆಯಲ್ಲ. ಬಾಲ ಮತ್ತೆ ಬೆಳೆಯುತ್ತೆ."

ತಂದು ಹಾಕಿದ್ದೇನೆ. ಗುಳ್ಳೆಗಳು ಮೆಲ್ಲಗೆ ಏಳುತ್ತಿವೆ. ಮೀನು ಮಾತ್ರ ಮೂಲೆ ಬಿಟ್ಟು ಕದಲುತ್ತಿಲ್ಲ.

ಸಂಜೆ ಅಕ್ಕನ ಫೋನು. "ಹೇಗಿದ್ದಾನೆ ನಮ್ಮ ದೊರೆ?" ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನಾಳೆ ಅವಳಿಗೆ ಹೃದಯದ ಆಪರೇಷನ್. ಆದರೂ ಇದ್ದದ್ದನ್ನು ಹೇಳಿಬಿಟ್ಟೆ. ಅವಳು ಬೈಯಲಿಲ್ಲ. "ನಂಗೂ ಭಯ ಆಗ್ತಿದೆ ಕಣೇ" ಅಂದಳು.

ಚಿಕ್ಕಂದಿನಿಂದ ನನ್ನ ಹೆದರಿಕೆಗೆಲ್ಲ ಅವಳೇ ಮದ್ದು. ಅವಳ ಬಾಯಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು.

"ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗೋವರೆಗೂ ಕೈ ಹಿಡ್ಕೊಂಡಿರ್ತೀನಿ ಅಕ್ಕಾ" ಅಂದೆ.

"ಹೂಂ" ಅಂದಳು. ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಏನು ಮಾಡೋದು ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.