ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಮನೆಯಿಂದ,
ಹದಿನೇಳನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ನಿನ್ನ ಅಕ್ಕನ ಮಂಡಿ ಹೇಗಿದೆ? ಆಪರೇಷನ್ ಆಗಿ ಮೂರು ವಾರಕ್ಕೇ ಕೋಲು ಹಿಡಿದು ಗೇಟಿನವರೆಗೆ ಹೋಗಿ ಬಂದರಂತೆ, ಕೇಳಿ ಸಂತೋಷವಾಯಿತು. ಅವರ ಆರೈಕೆಯ ಭರದಲ್ಲಿ ನಿನ್ನ ರಕ್ತದೊತ್ತಡದ ಮಾತ್ರೆ ಮರೆಯಬೇಡ. ಬೆಳಿಗ್ಗೆ ನುಂಗಿದೆನೋ ಇಲ್ಲವೋ ಎಂದು ಸಂಜೆ ಕೂತು ಯೋಚಿಸುವವಳು ನೀನು. ಇಲ್ಲಿದ್ದರೆ ನೆನಪಿಸಲು ನಾನಿದ್ದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಕಪ್ಪಾಗಿದೆ. ಅದು ಸುತ್ತಿಗೆಯ ಕೃಪೆ, ಮುಂದೆ ಓದು.

ನಿನ್ನೆ ಮಗಳು ಫೋನಿನಲ್ಲಿ ಅಳುತ್ತಾ ನಗುತ್ತಾ ಹೇಳಿದ್ದರಲ್ಲಿ ನಿನಗೆ ‘ನಡೆದಳು’ ಎನ್ನುವುದೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲವಂತೆ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ಎರಡು ಮಾತಿಗೊಮ್ಮೆ ‘ಆಮೇಲೆ?’ ಅನ್ನುತ್ತೀಯ, ನನ್ನ ಕಥೆಯ ದಾರ ತುಂಡಾಗುತ್ತದೆ. ಇಲ್ಲಿ ನನ್ನನ್ನು ತಡೆಯುವವರಿಲ್ಲ.

ನೀನು ಹೋದ ವಾರವೇ ಮಗಳು ಮತ್ತೆ ಡ್ಯೂಟಿಗೆ ಸೇರಿದಳಲ್ಲ, ಅವಳ ಕಷ್ಟ ನೋಡಲಾಗುತ್ತಿರಲಿಲ್ಲ ಕಣೇ. ಅಷ್ಟುದ್ದದ ಬಸ್ಸನ್ನು ಆ ಸಂದಿಗೊಂದಿಗಳಲ್ಲಿ ಕನ್ನಡಿ ನೋಡಿಕೊಂಡೇ ತಿರುಗಿಸುವ ಗಟ್ಟಿಗಿತ್ತಿ, ಮನೆಯ ಬಾಗಿಲಲ್ಲಿ ಮಗುವಿನ ಕೈ ಬಿಡಿಸಿಕೊಳ್ಳುವಾಗ ಮಾತ್ರ ಮುಖ ಆ ಕಡೆ ತಿರುಗಿಸಿಬಿಡುತ್ತಾಳೆ. ಬಾಬಿನ್‌ಗೆ (ಹೊಲಿಗೆ ಯಂತ್ರದ ದಾರದ ಉರುಳೆಯಷ್ಟು ಪುಟ್ಟಗಿದ್ದಾಳೆಂದು ಮೊಮ್ಮಗಳಿಗೆ ನಾನಿಟ್ಟ ಈ ಹೆಸರು ಈಗ ಇಡೀ ಬೀದಿಗೆ ಗೊತ್ತು, ನೀನು ಇನ್ನು ಎಷ್ಟು ಮೂಗು ಮುರಿದರೂ ಪ್ರಯೋಜನವಿಲ್ಲ) ಮೇಲಿನ ಹಲ್ಲು ಕಾಣಿಸಿಕೊಂಡದ್ದು ಮಧ್ಯಾಹ್ನ ಎರಡಕ್ಕೆ, ಮಗಳು ಆಗ ಡಿಪೋದಲ್ಲಿದ್ದಳು. ಮೊದಲ ಸಲ ಚಪ್ಪಾಳೆ ತಟ್ಟಿದಾಗ ಇವಳು ಯಾವುದೋ ಸಿಗ್ನಲ್ಲಿನಲ್ಲಿ ನಿಂತಿದ್ದಳು. ದಿನಾ ಸಂಜೆ ಚಪ್ಪಲಿ ಬಿಡುವ ಮೊದಲೇ ಅವಳ ಪ್ರಶ್ನೆ: ‘ಅಪ್ಪಾ, ನಡೆದಳಾ?’ ಇಲ್ಲ ಎಂದರೆ ಮುಖ ಅರಳುತ್ತಿತ್ತು. ಹೆತ್ತ ಮಗು ಇನ್ನೂ ನಡೆದಿಲ್ಲ ಎಂದರೆ ಖುಷಿಪಡುವ ತಾಯಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದು ದಿನ ಊಟದ ತಟ್ಟೆ ಮುಂದಿಟ್ಟುಕೊಂಡು ಹೇಳಿದಳು: ‘ಹಲ್ಲು ಬಂದಿದ್ದು ನಾನು ನೋಡ್ಲಿಲ್ಲ. ಇದೊಂದಾದ್ರೂ ನನ್ನ ಕಣ್ಣೆದುರಿಗೇ ಆಗ್ಲಿ ಅಪ್ಪಾ.’ ಅಳಿಯ ಪಾಪ ಅವಳ ಬೆನ್ನು ಸವರಿದ. ನಾನು ತಲೆಯಾಡಿಸಿ, ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಈಗ ಗಾಡಿಯ ವಿಷಯ. ಮಗು ಕುರ್ಚಿ, ಮಂಚ, ನನ್ನ ಪಂಚೆ, ಸಿಕ್ಕಿದ್ದನ್ನು ಹಿಡಿದು ನಿಲ್ಲುತ್ತಿತ್ತು, ಕೈ ಮಾತ್ರ ಬಿಡುತ್ತಿರಲಿಲ್ಲ. ತಳ್ಳಿಕೊಂಡು ನಡೆಯಲು ಒಂದು ಮರದ ಗಾಡಿ ಮಾಡೋಣ ಎಂದುಕೊಂಡೆ. ನಲವತ್ತು ವರ್ಷ ಟೈಲರಿಂಗ್ ಮಾಡಿದವನಿಗೆ ನಾಲ್ಕು ಹಲಗೆ ಜೋಡಿಸುವುದು ಯಾವ ಲೆಕ್ಕ? ‘ಸೂಜಿ ಹಿಡಿದ ಕೈಗೆ ಸುತ್ತಿಗೆ ಯಾಕ್ರೀ’ ಎಂದು ನೀನು ಅಲ್ಲಿಂದಲೇ ನಕ್ಕೆ, ನೆನಪಿದೆಯಾ? ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿ ಮುಚ್ಚಿದಾಗ ಬಟ್ಟೆ ಕತ್ತರಿಸುವ ಮೇಜನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೆನಲ್ಲ, ಅದನ್ನು ಇಳಿಸಿದೆ. ಮೂರನೇ ಮನೆಯ ಬಡಗಿ ಗರಗಸ ಕೊಟ್ಟ, ಜೊತೆಗೆ ಕೇಳದಿದ್ದರೂ ಸಲಹೆ ಕೊಟ್ಟ. ಮಗು ಮಗುಚಿಕೊಳ್ಳದ ಹಾಗೆ ಗಾಡಿ ಅಗಲವಾಗಿರಬೇಕು, ಆದರೆ ನನ್ನ ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿ ಅಡುಗೆಮನೆಗೂ ಹೋಗಬೇಕು. ಆ ಸಂದಿ ಹದಿನೆಂಟು ಇಂಚು. ಗಾಡಿಗೆ ಹದಿನೇಳೂವರೆ ಎಂದು ಲೆಕ್ಕ ಹಾಕಿ, ಟೇಪು ಹಿಡಿದು, ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಸಿ, ಮೊಳೆ ಹೊಡೆದು (ಉಗುರು ಕಪ್ಪಾದದ್ದು ಇಲ್ಲಿ), ಉಪ್ಪುಕಾಗದ ಉಜ್ಜಿ, ಹಳೆಯ ಸ್ಟ್ರಾಲರಿನ ಚಕ್ರ ಕೂರಿಸಿದೆ. ಮಂಗಳವಾರ ಬೆಳಗಿನ ಹೊತ್ತಿಗೆ ಗಾಡಿ ತಯಾರು. ಅಳತೆ ನೋಡಿದರೆ ಹದಿನೆಂಟೂವರೆ!

ಬಡಗಿಯನ್ನು ಕರೆದೆ. ಅವನು ಹಲಗೆಯ ಮೇಲಿನ ಸುಣ್ಣದ ಗೆರೆ ನೋಡಿದ, ನನ್ನ ಮುಖ ನೋಡಿದ, ನೆಲದ ಮೇಲೆ ಕೂತುಬಿಟ್ಟ. ಅಳತೆಯ ಗೆರೆಯಿಂದ ಆ ಕಡೆ ಅರ್ಧ, ಈ ಕಡೆ ಅರ್ಧ ಇಂಚು ಬಿಟ್ಟು ಕತ್ತರಿಸಿದ್ದೆ. ಒಂದು ಹಲಗೆಯಲ್ಲ, ಪ್ರತಿಯೊಂದೂ ಹಾಗೇ. ‘ಯಜಮಾನ್ರೇ, ಮರಕ್ಕೂ ಹೊಲಿಗೆಗೆ ಅಂತ ಬಿಟ್ಟಿದ್ದೀರಲ್ರೀ! ಮಡಿಚಿ ಹೊಲೀತೀರಾ?’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗಾಯಿತು ನನ್ನದು. ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ ಎಂದು ಬೇಕೆಂದೇ ಬಿಟ್ಟೆ ಅಂತ ಜಂಬದಿಂದ ಹೇಳಿ ಅವನನ್ನು ಸಾಗಹಾಕಿದೆ. ಈಗ ಬೀದಿಯವರೆಲ್ಲ ನನ್ನನ್ನು ಕಂಡರೆ ಅರ್ಧ ಇಂಚು ಅನ್ನುತ್ತಾರೆ. ಅನ್ನಲಿ ಬಿಡು, ಅವರ ಪ್ಯಾಂಟುಗಳನ್ನು ಅಗಲ ಮಾಡಿಸಿಕೊಳ್ಳಲು ಬಂದಾಗ ಅದೇ ಅರ್ಧ ಇಂಚು ಅವರ ಮಾನ ಕಾಪಾಡಿತ್ತು.

ಆದರೆ ಗೆದ್ದದ್ದು ಯಾರು ಕೇಳು. ನಿನ್ನೆ ಬುಧವಾರ, ಮಗಳಿಗೆ ವಾರದ ರಜೆ. ಹಾಲ್‌ನಲ್ಲಿ ನೆಲದ ಮೇಲೆ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಬಾಬಿನ್ ಗಾಡಿ ತಳ್ಳಿಕೊಂಡು ಗಡಗಡ ಸದ್ದು ಮಾಡುತ್ತಾ ಬಂದವಳು ಸೀದಾ ಯಂತ್ರದ ಪಕ್ಕದ ಸಂದಿಗೆ ಹೋದಳು. ಗಾಡಿ ಒಳಗೆ ಹೋಗುವುದೆಲ್ಲಿಂದ? ಸಿಕ್ಕಿಕೊಂಡಿತು. ಅವಳಿಗೆ ತಳ್ಳುವುದು ಗೊತ್ತು, ಹಿಂದಕ್ಕೆ ಎಳೆಯುವುದು ಗೊತ್ತಿಲ್ಲ. ಎರಡು ಸಲ ತಳ್ಳಿದಳು, ಒಮ್ಮೆ ಗದರಿದಳು, ಆಮೇಲೆ ಈ ಗಾಡಿಯ ಸಹವಾಸವೇ ಬೇಡ ಅನ್ನುವ ಹಾಗೆ ಕೈ ಬಿಟ್ಟು ಹಿಂದೆ ತಿರುಗಿದಳು. ‘ಅಯ್ಯೋ, ಇಲ್ನೋಡೇ, ಮಗು ನಡೀತಾ ಇದೆ’ ಎಂದು ನಾನು ಕೂಗಿದೆ. ಮಗಳು ತಲೆಯೆತ್ತಿದಳು, ಕೈಯಲ್ಲಿ ಅರ್ಧ ಮಡಿಸಿದ ಅಂಗಿ ಹಾಗೇ ಇತ್ತು. ಒಂದು, ಎರಡು, ಮೂರು, ಕುಡಿದವರ ಹಾಗೆ ಸ್ವಲ್ಪ ಓಲಾಡಿ ನಾಲ್ಕು, ಐದು, ಆರು. ಆರನೆಯದು ತಾಯಿಯ ಮಡಿಲು. ಮಗಳು ಅತ್ತ ಅಳುವಿಗೆ ಮಗುವೇ ಹೆದರಿ ಅವಳ ಬಾಯಿಗೆ ಬೆರಳು ಹಾಕಿ ನೋಡಿತು. ಅಳಿಯನಿಗೆ ಫೋನು, ನಿನಗೆ ಫೋನು, ಡಿಪೋಗೆ ಫೋನು. ಡಿಪೋದವರು ಯಾವ ಬಸ್ಸು ಕೆಟ್ಟಿತು ಎಂದು ಕೇಳಿದರಂತೆ. ರಾತ್ರಿ ಊಟ ಮಾಡುವಾಗಲೂ ಮೂರು ಸಲ ಹೇಳಿದಳು, ‘ನನ್ನ ಕಣ್ಣೆದುರಿಗೇ ಆಯ್ತು’ ಎಂದು. ಗಾಡಿಯನ್ನು ಕಿರಿದು ಮಾಡಿಕೊಡುತ್ತೇನೆ ಎಂದು ಬಡಗಿ ಬಂದಿದ್ದ, ಅವಳೇ ಬಾಗಿಲಿನಿಂದ ಓಡಿಸಿದಳು. ನನ್ನ ಎದೆ ಎಷ್ಟು ಉಬ್ಬಿದೆಯೆಂದರೆ ಅಂಗಿಗೂ ಹೊಲಿಗೆ ಬಿಚ್ಚಬೇಕಾದೀತು.

ಅಕ್ಕನವರಿಗೆ ನನ್ನ ನಮಸ್ಕಾರ ಹೇಳು, ಮಂಡಿ ಬೇಗ ಬಗ್ಗಲಿ, ಆದರೆ ನಿನ್ನನ್ನು ಬೇಗ ಕಳಿಸುವಷ್ಟು ಬಗ್ಗಲಿ. ಬಾಬಿನ್ ಈ ಕಾಗದದ ಅಂಚನ್ನು ಸ್ವಲ್ಪ ಅಗಿದಿದ್ದಾಳೆ, ಅದೇ ಅವಳ ಸಹಿ.

ಇಂತಿ ನಿನ್ನ,
ಅರ್ಧ ಇಂಚಿನ ಯಜಮಾನ

ತಾ.ಕ.: ಮೇಲಿನದ್ದನ್ನೆಲ್ಲ ಮಗಳಿಗೆ ಓದಿ ಹೇಳಿ ಆಗಿದೆ. ಡ್ಯೂಟಿಗೆ ಹೋಗುವಾಗ ಅವಳೇ ಅಂಚೆಗೆ ಹಾಕುತ್ತಾಳೆ. ಈಗ ಸ್ನಾನಕ್ಕೆ ಹೋಗಿದ್ದಾಳೆ, ಅಷ್ಟರಲ್ಲಿ ಇದನ್ನು ಬರೆದು ಅಂಟಿಸಿಬಿಡಬೇಕು. ಮಗು ನಡೆದದ್ದು ಬುಧವಾರವಲ್ಲ ಕಣೇ, ಮಂಗಳವಾರ. ಬಡಗಿ ಹೋದ ಮೇಲೆ ಗಾಡಿ ತಾನಾಗಿಯೇ ಆ ಸಂದಿಯಲ್ಲಿ ಸಿಕ್ಕಿಕೊಂಡಿತು, ಬಾಬಿನ್ ತಿರುಗಿ ನನ್ನ ಕಡೆ ಮೂರು ಹೆಜ್ಜೆ ಇಟ್ಟು ಧೊಪ್ಪನೆ ಕೂತಳು. ಮನೆಯಲ್ಲಿದ್ದವನು ನಾನೊಬ್ಬನೇ. ಸಂತೋಷಕ್ಕೆ ಕುಣಿಯಬೇಕು ಅನ್ನಿಸಿತು, ಅಷ್ಟರಲ್ಲಿ ಮಗಳ ಮುಖ ನೆನಪಾಯಿತು. ಅವಳು ಬರುವವರೆಗೂ ಮಗುವನ್ನು ಕೆಳಗಿಳಿಸದೆ ಹೊತ್ತು ತಿರುಗಿದೆ, ಕೇಳಿದ್ದಕ್ಕೆ ಇಲ್ಲ ಎಂದೆ, ಮರುದಿನ ಗಾಡಿಯ ಮೂತಿಯನ್ನು ಸಂದಿಯ ಕಡೆ ತಿರುಗಿಸಿಟ್ಟವನು ನಾನೇ. ಆದರೆ ‘ಇಲ್ನೋಡೇ’ ಎಂದು ಕೂಗಿದೆನಲ್ಲ, ಆ ದನಿ ನನ್ನ ಕಿವಿಗೇ ಎಲ್ಲೋ ಕೇಳಿದ ಹಾಗಿತ್ತು. ನಮ್ಮ ಈ ಮಗಳು ಮೊದಲ ಹೆಜ್ಜೆ ಇಟ್ಟದ್ದು ಭಾನುವಾರ, ವಾರಕ್ಕೊಂದೇ ದಿನ ಅಂಗಡಿಗೆ ರಜೆ, ನೀನು ಅಡುಗೆಮನೆ ಬಾಗಿಲಿನಿಂದ ಹಾಗೇ ಕೂಗಿದ್ದೆ. ಗೋಡೆಯಿಂದ ನನ್ನ ಮಂಚದವರೆಗೆ ಒಂಬತ್ತು ಹೆಜ್ಜೆ, ನಾನೇ ಎಣಿಸಿದ್ದೆ. ಮೊದಲ ಸಲಕ್ಕೆ ಒಂಬತ್ತು ಹೆಜ್ಜೆ ಹೇಗೆ ಬಂತು ಎಂದು ಮೂವತ್ತೆರಡು ವರ್ಷ ನನಗೆ ಹೊಳೆಯಲೇ ಇಲ್ಲ. ಸಿಟ್ಟಿಲ್ಲ. ಆ ಭಾನುವಾರವನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಮೆರೆದಿದ್ದೇನೆ, ಇನ್ನು ಮುಂದೆಯೂ ಮೆರೆಯುತ್ತೇನೆ. ಕಾಗದದಲ್ಲಿ ಉತ್ತರಿಸಬೇಡ, ಇವಳು ಒಡೆದು ಓದುತ್ತಾಳೆ. ಬಂದಮೇಲೆ ನನ್ನೊಬ್ಬನಿಗೇ ಹೇಳು: ಅವಳು ನಿಜಕ್ಕೂ ಮೊದಲು ನಡೆದದ್ದು ಯಾವ ದಿನ?