ಮುಳ್ಳು ಬಿಟ್ಟ ಮೀನು

ಲೇ ಇವಳೇ, ಕೇಳು!

ನೀನು ಕಣ್ಣು ಮುಚ್ಚಿದ ಮೇಲೆ ನಿನಗೆ ಹೇಳಲೇಬೇಕಾದ ಸುದ್ದಿ ಇದೊಂದೇ. ನಮ್ಮ ಮಗಳು ಇವತ್ತು ಸ್ವಂತ ಹೋಟೆಲ್ ತೆರೆದಳು! ಮೊದಲ ತಟ್ಟೆ ನನಗೇ ಬಂತು, ಅದರ ಹಿಂದೆಯೇ ಉಳಿದವರಿಗೂ. ಮೀನು ಮುರಿದರೆ ಒಳಗೆ ರಸ ಹೊಳೆಯಿತು. ನನ್ನ ಗಂಟಲು ನಿನಗೆ ಗೊತ್ತಲ್ಲ, "ಬೆಂದಿಲ್ಲ! ವಾಪಸ್ ಒಲೆಗೆ!" ಎಂದು ಗುಡುಗಿದೆ. ಗಿರಾಕಿಗಳ ಕೈಯ ತುತ್ತು ಕೈಯಲ್ಲೇ ನಿಂತಿತು.

ಸೌಟು ಹಿಡಿದೇ ಬಂದಳು ಮಹಾತಾಯಿ. "ಕೂಗ್ಬೇಡಪ್ಪ, ಇದು ನಿನ್ನ ನಾಟಕದ ಸ್ಟೇಜಲ್ಲ. ನಡುಮುಳ್ಳು ಎತ್ತು ನೋಡೋಣ."

ಎತ್ತಿದೆ. ಒಂದು ಚೂರೂ ಅಂಟದೆ ಬಾಚಣಿಗೆಯಂತೆ ಇಡಿಯಾಗಿ ಬಂತು! ಮಾಂಸ ಬೆಳ್ಳಗೆ, ಪದರ ಪದರವಾಗಿ ಬಿಡಿಸಿಕೊಂಡಿತು.

"ಮುಳ್ಳು ಬಿಟ್ಟಿದೆ ಅಂದ್ರೆ ಬೆಂದಿದೆ ತಾನೇ? ಅಮ್ಮ ತನ್ನದನ್ನೂ ನನ್ನದನ್ನೂ ಹೀಗೇ ಇಳಿಸ್ಕೊಂಡು, ನಿನ್ನದನ್ನ ಮಾತ್ರ ಮತ್ತೆ ಒಲೆ ಮೇಲೆ ಇಡ್ತಿದ್ಳು. ಸೌದೆ ಆಗೋವರೆಗೂ!"

ಹೋಟೆಲೇ ಘೊಳ್ಳೆಂದಿತು. ನಾನು ಎದ್ದು ನಿಂತು, "ಮಹಾಜನರೇ, ಬೆಂದಿದೆ! ಇವಳು ನನ್ನ ಮಗಳು!" ಎಂದು ಸಾರಿದೆ. ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು ಕೂತರು.

ತಟ್ಟೆ ನೆಕ್ಕಿದೆ ಕಣೇ. ಅಷ್ಟು ವರ್ಷ ನನ್ನೆದುರಿಗೇ ಕೂತು ಉಣ್ಣುತ್ತಿದ್ದೆಯಲ್ಲ, ನಿನ್ನ ತಟ್ಟೆಯಿಂದ ಒಂದು ತುತ್ತು ಕೊಡು ಅಂತ ನಾನು ಒಮ್ಮೆಯೂ ಕೇಳಲಿಲ್ಲ.